ಮೂಗೇಟು

ಬೆಂಗಳೂರಿನಲ್ಲಿ ಹುಟ್ಟಿ ಬೆಳೆದು, ಮಲೆನಾಡಿನ ತಾಲ್ಲೂಕು ಆಸ್ಪತ್ರೆಯೊಂದಕ್ಕೆ ವೈದ್ಯನಾಗಿ ಬಂದ ಮೊದಲ ವಾರವೇ ನಾನು ನಗೆಪಾಟಲಿಗೀಡಾದೆ. ಮರದ ದಿಮ್ಮಿ ಉರುಳಿ ಎದೆಗೆ ಬಡಿದಿದ್ದ ಒಬ್ಬರನ್ನು ಕರೆತಂದಿದ್ದರು. ಜೊತೆಗೆ ಬಂದಿದ್ದ ಹಿರಿಯರು “ಮೂಗೇಟಾಗಿದೆ ಸಾರ್” ಎಂದರು. ನಾನು ಟಾರ್ಚ್ ಹಿಡಿದು ರೋಗಿಯ ಮೂಗಿನ ಹೊಳ್ಳೆಗಳನ್ನು ಶ್ರದ್ಧೆಯಿಂದ ಪರೀಕ್ಷಿಸತೊಡಗಿದೆ. ವಾರ್ಡಿನ ಹಿರಿಯ ಸಿಸ್ಟರ್ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹೊರಗೆ ಹೋದರು. ಆಮೇಲೆ ಬಂದು ಮೆಲ್ಲಗೆ ಹೇಳಿದರು: “ಮೂಗಿಗೆ ಬಿದ್ದ ಏಟಲ್ಲ ಡಾಕ್ಟರೇ. ಮೂಗನಂಥ ಏಟು. ಹೊರಗೆ ಏನೂ ಹೇಳುವುದಿಲ್ಲ.”

ಆ ಪದ ಅಂದಿನಿಂದ ನನ್ನ ಜೊತೆಗಿದೆ. ನಮ್ಮ ಪಠ್ಯಪುಸ್ತಕಗಳು ಇದನ್ನು ಅಡಗಿದ ರಕ್ತಸ್ರಾವ ಎನ್ನುತ್ತವೆ. ಅಡಗಿದ್ದನ್ನು ಒಮ್ಮೆ ಹುಡುಕಿ ಹಿಡಿದರೆ ಮುಗಿಯಿತು ಎಂಬ ಭಾವನೆ ಆ ಮಾತಿನಲ್ಲಿದೆ. ಮೂಗನ ಸಂಗತಿ ಬೇರೆ. ಅವನಿಗೆ ಏನಾಗುತ್ತಿದೆ ಎಂದು ತಿಳಿಯಬೇಕಾದರೆ ಪಕ್ಕದಲ್ಲಿ ಕುಳಿತು ಅವನ ಮುಖ ನೋಡುತ್ತಿರಬೇಕು. ಅಷ್ಟು ಹೊತ್ತು ಕೂರದೆ ಎದ್ದುಹೋದ ಒಂದು ದಿನದ ಕಥೆಯನ್ನು ಹೇಳಬೇಕಾಗಿದೆ.

1993ರ ಮಳೆಗಾಲ. ನಾಲ್ಕು ದಿನ ಬಿಡದೆ ಹೊಯ್ದ ಮಳೆ ಸ್ವಲ್ಪ ಹೊಳವಾಗಿತ್ತು. ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವವರಿಗೆ ಇಂಥ ಹೊಳವೇ ಮುಹೂರ್ತ. ಮರಗಳು ಮಾತ್ರ ಪಾಚಿ ಹಿಡಿದು ಜಾರುತ್ತಿರುತ್ತವೆ. ಇಪ್ಪತ್ತಾರು ವರ್ಷದ ಒಬ್ಬ ಯುವಕ ಸುಮಾರು ಮೂವತ್ತು ಅಡಿ ಮೇಲಿಂದ ಬಿದ್ದ. ಬೀಳುವಾಗ ಎಡಪಕ್ಕೆ ಬಸಿಗಾಲುವೆಯ ದಂಡೆಗೆ ಬಡಿಯಿತು. ಎದ್ದು ಕುಳಿತ, ಮೈ ಕೊಡವಿಕೊಂಡ, ತಾನೇ ನಡೆದುಬಂದು ಜೀಪು ಹತ್ತಿದ. ಆಸ್ಪತ್ರೆಯ ಜಗುಲಿಯಲ್ಲಿ ಅವನ ತಾಯಿ, ತೋಟದ ಯಜಮಾನರು, ಜೀಪಿನ ಚಾಲಕ ಎಲ್ಲರದ್ದೂ ಒಂದೇ ಮಾತು: ಒಂದು ಹನಿ ರಕ್ತ ಬಂದಿಲ್ಲ, ದೇವರು ದೊಡ್ಡವನು.

ಸಂಜೆ ಆರಕ್ಕೆ ನಾನು ಕೇಸ್ ಶೀಟಿನಲ್ಲಿ ಬರೆದದ್ದು ಇಂದಿಗೂ ಬಾಯಿಪಾಠವಾಗಿದೆ. ನಾಡಿ 104. ರಕ್ತದೊತ್ತಡ 110/90. ಹಿಮೋಗ್ಲೋಬಿನ್ 13. ಹೊಟ್ಟೆ ಉಬ್ಬಿಲ್ಲ. ಎಡಭುಜದ ತುದಿಯಲ್ಲಿ ನೋವು. ಭುಜದ ಎಕ್ಸ್‌ರೇ ತೆಗೆಸಿದೆ, ಮೂಳೆ ನೆಟ್ಟಗಿತ್ತು. ಉಳುಕಿದೆ ಎಂದು ತೀರ್ಮಾನಿಸಿ ನೋವಿನ ಇಂಜೆಕ್ಷನ್ ಕೊಟ್ಟೆ. ಅವನು ಮೂರು ಸಲ ನೀರು ಕೇಳಿದ. ಹೆದರಿದ್ದಾನೆ, ಗಂಟಲು ಒಣಗಿದೆ ಎಂದುಕೊಂಡೆ. “ಮೈ ಯಾಕೋ ತಣ್ಣಗಿದೆ” ಎಂದು ತಾಯಿ ಹೇಳಿದ್ದಕ್ಕೆ, ಮಳೆಯಲ್ಲಿ ನೆನೆದಿದ್ದಾನಲ್ಲ ಎಂದೆ. ಪ್ರತಿಯೊಂದಕ್ಕೂ ನನ್ನ ಬಳಿ ಉತ್ತರವಿತ್ತು. ಅವನನ್ನು ಮನೆಗೆ ಕಳಿಸಲು ಚೀಟಿಯನ್ನೂ ಬರೆದುಕೊಟ್ಟೆ. ಅವರ ಊರಿನ ದಾರಿಯ ಹಳ್ಳ ತುಂಬಿ ಜೀಪು ದಾಟುವಂತಿರಲಿಲ್ಲ. ಆ ಒಂದೇ ಕಾರಣಕ್ಕೆ ಅವನು ಆ ರಾತ್ರಿ ವಾರ್ಡಿನಲ್ಲಿ ಉಳಿದ. ಅವನನ್ನು ಉಳಿಸಿದ್ದು ಹಳ್ಳ ಎಂದು ನಾನು ಹೇಳಿದರೆ ಅದು ವಿನಯದ ಮಾತಲ್ಲ, ವರದಿ.

ಹನ್ನೊಂದು ಗಂಟೆಗೆ ಸಿಸ್ಟರ್ ಆಳು ಕಳಿಸಿದರು. ಹೋಗಿ ನೋಡಿದರೆ ಹುಡುಗ ಮಗ್ಗುಲಿಂದ ಮಗ್ಗುಲಿಗೆ ಹೊರಳುತ್ತಿದ್ದ, ಹೊದಿಕೆ ಕಿತ್ತೆಸೆಯುತ್ತಿದ್ದ, ಪದೇ ಪದೇ ಆಕಳಿಸುತ್ತಿದ್ದ. ಹಣೆಯ ಮೇಲೆ ತಣ್ಣನೆಯ ಬೆವರು. ನಾಡಿ 132, ರಕ್ತದೊತ್ತಡದ ಮೇಲಿನ ಅಂಕಿ 80. ಕೆಳಗಿನದು ಕಿವಿಗೆ ಸಿಗಲಿಲ್ಲ.

ನಮ್ಮ ಹಿರಿಯ ಶಸ್ತ್ರವೈದ್ಯರು ಕೊಡೆ ಹಿಡಿದುಕೊಂಡು ಬಂದರು. ಮೊದಲು ಕೇಸ್ ಶೀಟ್ ಓದಿದರು. “ನಾಡಿ 104 ಎಂದು ನೀನೇ ಬರೆದಿದ್ದೀಯ.” ಹೌದು ಸಾರ್ ಎಂದೆ. “ಬರೆದದ್ದನ್ನು ಓದಿದೆಯಾ?” ಅಷ್ಟೇ ಕೇಳಿದ್ದು. ಆ ಪ್ರಶ್ನೆಗೆ ನಾನು ಇಂದಿಗೂ ಉತ್ತರ ಕೊಟ್ಟಿಲ್ಲ.

ಅವರು ಹೊಟ್ಟೆಯ ಬದಿಗೆ ಒಂದು ಸೂಜಿ ಚುಚ್ಚಿ ಸಿರಿಂಜ್ ಎಳೆದರು. ಕಪ್ಪುಗೆಂಪು ರಕ್ತ ಸಲೀಸಾಗಿ ಬಂತು. ಅದನ್ನು ಬಿಳಿ ಬಟ್ಟೆಯ ಮೇಲೆ ಸುರಿದು ಗಡಿಯಾರ ನೋಡುತ್ತ ನಿಂತರು. ಸೂಜಿ ರಕ್ತನಾಳಕ್ಕೆ ತಾಗಿ ಬಂದ ರಕ್ತವಾದರೆ ಕೆಲವು ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತದೆ. ಹೊಟ್ಟೆಯೊಳಗೆ ಸುರಿದು ನಿಂತ ರಕ್ತ ಹೆಪ್ಪುಗಟ್ಟುವುದಿಲ್ಲ, ಏಕೆಂದರೆ ಹೆಪ್ಪಿಗೆ ಬೇಕಾದ ನಾರಿನ ಅಂಶ ಅಲ್ಲಿ ಆಗಲೇ ಖರ್ಚಾಗಿರುತ್ತದೆ. ಇದು ಹೆಪ್ಪುಗಟ್ಟಲಿಲ್ಲ.

ರಕ್ತನಿಧಿ ನಮ್ಮಲ್ಲಿ ಇರಲಿಲ್ಲ. ಜೀಪಿನ ಚಾಲಕನ ರಕ್ತ ಹೊಂದಿತು, ಒಂದು ಬಾಟಲಿ ಸಿಕ್ಕಿತು. ಹೊಟ್ಟೆ ಸೀಳಿದಾಗ ಹಿರಿಯರು ಮೊದಲು ಕರುಳನ್ನು ಉದ್ದಕ್ಕೂ ನೋಡಿದರು. ಕರುಳು ಹರಿದು ಮಲ ಬೆರೆತಿದ್ದರೆ ಮುಂದಿನ ಕೆಲಸ ಸಾಧ್ಯವಿರಲಿಲ್ಲ. ಎಲ್ಲಿಯೂ ಹರಿದಿಲ್ಲ ಎಂದು ಖಾತ್ರಿಯಾದ ಮೇಲೆ, ಕುದಿಸಿಟ್ಟಿದ್ದ ಒಂದು ಸ್ಟೀಲ್ ಸೌಟಿನಿಂದ ಅವನ ಹೊಟ್ಟೆಯ ರಕ್ತವನ್ನೇ ಮೊಗೆದು, ಎಂಟು ಪದರದ ಗಾಜ್ ಬಟ್ಟೆಯಲ್ಲಿ ಸೋಸಿ, ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ಹಾಕಿದ ಬಾಟಲಿಗೆ ತುಂಬಿ, ಮತ್ತೆ ಅವನ ತೋಳಿಗೇ ಹರಿಸಿದರು. ಸೌಟು ಹಿಡಿದದ್ದು ನಾನು. ಸಾರು ಬಡಿಸುವ ಸೌಟು ಕಂಡಾಗಲೆಲ್ಲ ನನಗೆ ಆ ರಾತ್ರಿ ನೆನಪಾಗುವುದನ್ನು ಮನೆಯವರಿಗೆ ಹೇಳಿ ಬೈಸಿಕೊಂಡಿದ್ದೇನೆ. ಗುಲ್ಮ, ಅಂದರೆ ಎಡಪಕ್ಕೆಯೊಳಗಿನ ಸ್ಪ್ಲೀನ್, ಎರಡು ಹೋಳಾಗಿತ್ತು. ತೆಗೆದುಹಾಕಿದರು. ಬೆಳಗಿನ ಜಾವ ಹುಡುಗ ಕಣ್ಣು ಬಿಟ್ಟು ನೀರು ಕೇಳಿದ.

ನಾನು ಬರೆದೂ ಓದದೆ ಹೋದದ್ದೇನು ಎಂಬುದನ್ನು ಬಿಡಿಸಿ ನೋಡಲು ಬಹಳ ದಿನ ಹಿಡಿಯಿತು. ಅವನ ತೂಕ ಐವತ್ತೈದು ಕಿಲೋ. ಕಿಲೋಗೆ ಸುಮಾರು 70 ಮಿಲಿಲೀಟರಿನಂತೆ ಮೈಯಲ್ಲಿದ್ದ ರಕ್ತ ನಾಲ್ಕು ಲೀಟರಿಗೂ ಕಡಿಮೆ. ಅದರಲ್ಲಿ ಶೇಕಡಾ 30ರಷ್ಟು, ಅಂದರೆ ಒಂದು ಲೀಟರಿಗೂ ಹೆಚ್ಚು ಸೋರಿಹೋಗುವ ತನಕ ಆರೋಗ್ಯವಂತ ಯುವಕನ ರಕ್ತದೊತ್ತಡದ ಮೇಲಿನ ಅಂಕಿ ಅಷ್ಟೇನೂ ಇಳಿಯದಿರಬಹುದು. ದೇಹ ಚರ್ಮದ, ಕರುಳಿನ, ಕೈಕಾಲುಗಳ ನಾಳಗಳನ್ನು ಬಿಗಿದು, ಇರುವ ರಕ್ತವನ್ನು ಮಿದುಳಿಗೂ ಹೃದಯಕ್ಕೂ ಮೀಸಲಿಡುತ್ತದೆ. ಮರ್ಯಾದಸ್ಥ ಗೃಹಸ್ಥನೊಬ್ಬ ಸಾಲದಲ್ಲಿ ಮುಳುಗಿದ್ದರೂ ಬಂದವರಿಗೆ ಜಗುಲಿಯಲ್ಲಿ ಕಾಫಿ ಉಪಚಾರ ತಪ್ಪಿಸದ ಹಾಗೆ. ಒಳಗೆ ಡಬ್ಬಿಗಳೆಲ್ಲ ಖಾಲಿ. ಜಗುಲಿಯಲ್ಲಿ ಕುಳಿತವನು ನಾನು.

ಆದರೆ ಗೃಹಸ್ಥನ ಮನೆಯಲ್ಲಿಯೂ ಸುಳಿವುಗಳಿರುತ್ತವೆ. ನಾಳಗಳು ಬಿಗಿದಾಗ ರಕ್ತದೊತ್ತಡದ ಕೆಳಗಿನ ಅಂಕಿ ಏರುತ್ತದೆ, ಎರಡು ಅಂಕಿಗಳ ನಡುವಿನ ಅಂತರ ಕಿರಿದಾಗುತ್ತದೆ. 110/90 ಎನ್ನುವುದು ಅದೇ. ಚರ್ಮ ತಣ್ಣಗಾಗುತ್ತದೆ, ತಾಯಿ ಹೇಳಿದ್ದು ಅದನ್ನೇ. ಬಾಯಾರಿಕೆ ಕೂಡ ಅದರದ್ದೇ ಮಾತು. ಆಲ್‌ಗೋವರ್ ಮತ್ತು ಬುರಿ ಎಂಬಿಬ್ಬರು 1967ರಲ್ಲಿ ಹೇಳಿದ ಒಂದು ಭಾಗಾಕಾರವಿದೆ: ನಾಡಿಯನ್ನು ರಕ್ತದೊತ್ತಡದ ಮೇಲಿನ ಅಂಕಿಯಿಂದ ಭಾಗಿಸಬೇಕು. ಆರೋಗ್ಯವಂತರಲ್ಲಿ ಅದು 0.5ರಿಂದ 0.7ರವರೆಗೆ ಇರುತ್ತದೆ, 0.9 ದಾಟಿದರೆ ಎಚ್ಚರವಾಗಬೇಕು. 104ನ್ನು 110ರಿಂದ ಭಾಗಿಸಿ ನೋಡಿ. ಹತ್ತಿರ ಹತ್ತಿರ 0.95. ಶಾಲೆಯ ಹುಡುಗ ಮಾಡುವ ಲೆಕ್ಕ.

ಭುಜದ ನೋವಿನದು ಇನ್ನೂ ವಿಚಿತ್ರ. ಎದೆ ಮತ್ತು ಹೊಟ್ಟೆಯ ನಡುವಿನ ವಪೆಗೆ ಬರುವ ನರ ಹುಟ್ಟುವುದು ಕತ್ತಿನಲ್ಲಿ. ಭುಜದ ತುದಿಯ ಚರ್ಮದ ಸಂವೇದನೆಯೂ ಬೆನ್ನುಹುರಿಯ ಅದೇ ಮಟ್ಟಕ್ಕೆ ತಲುಪುತ್ತದೆ. ಎಡಗಡೆ ಸುರಿದ ರಕ್ತ ವಪೆಯನ್ನು ಕೆರಳಿಸಿದಾಗ ಮಿದುಳು ಮೋಸಹೋಗಿ ಭುಜ ನೋಯುತ್ತಿದೆ ಎನ್ನುತ್ತದೆ. ಜರ್ಮನಿಯ ಶಸ್ತ್ರವೈದ್ಯ ಹಾನ್ಸ್ ಕೇರ್ ಅವರ ಹೆಸರಿನಲ್ಲಿ ಈ ಲಕ್ಷಣ ಪ್ರಸಿದ್ಧ. ಪರೀಕ್ಷೆಯಲ್ಲಿ ಅದರ ಬಗ್ಗೆ ಟಿಪ್ಪಣಿ ಬರೆದು ಅಂಕ ಗಳಿಸಿದವನು ನಾನು. ಮುಂದೆ ಜೀವಂತ ಬಂದು ಕುಳಿತಾಗ ಭುಜದ ಎಕ್ಸ್‌ರೇ ತೆಗೆಸಿದೆ.

ಹಿಮೋಗ್ಲೋಬಿನ್ 13 ಇತ್ತಲ್ಲ ಎಂದು ಈಗಲೂ ಕಿರಿಯ ವೈದ್ಯರು ಕೇಳುತ್ತಾರೆ. ಪಾತ್ರೆಯಿಂದ ಅರ್ಧ ಸಾರನ್ನು ಬಳಿದು ತೆಗೆದರೆ ಉಳಿದ ಸಾರಿನ ಉಪ್ಪು ಕಡಿಮೆಯಾಗುತ್ತದೆಯೇ? ನೀರು ಬೆರೆಸಿದ ಮೇಲೆ ತಾನೇ ಸಪ್ಪೆಯಾಗುವುದು? ಮೈಯ ದ್ರವ ನಾಳಕ್ಕೆ ಇಳಿದೋ, ನಾವು ಸಲೈನ್ ಹರಿಸಿಯೋ ರಕ್ತ ತೆಳುವಾಗಲು ಹೊತ್ತು ಬೇಕು. ಮೊದಲ ಗಂಟೆಯ ಒಳ್ಳೆಯ ಹಿಮೋಗ್ಲೋಬಿನ್ ಏನನ್ನೂ ಹೇಳುವುದಿಲ್ಲ. ಹೊಟ್ಟೆ ಉಬ್ಬಿಲ್ಲ ಎಂಬ ಸಮಾಧಾನವೂ ಅಷ್ಟೇ ಪೊಳ್ಳು. ಎರಡು ಲೀಟರ್ ರಕ್ತ ಕರುಳುಗಳ ಸಂದಿಯಲ್ಲಿ ಹರಡಿದರೆ ಹೊರಗಿನಿಂದ ಕಣ್ಣಿಗೆ ಕಾಣಬೇಕೆಂದಿಲ್ಲ. ಹೊಟ್ಟೆಗೆ ಟೇಪು ಸುತ್ತಿ ಗಂಟೆಗೊಮ್ಮೆ ಅಳೆಯುವ ಪದ್ಧತಿ ನಮ್ಮಲ್ಲಿತ್ತು. ಅದರಿಂದ ಸಿಗುತ್ತಿದ್ದದ್ದು ಟೇಪಿನ ಅಳತೆ ಮಾತ್ರ.

ವಯಸ್ಸಾದವರಲ್ಲಿ ಕಥೆ ತಿರುವುಮುರುವು. ನಾಡಿಯನ್ನು ನಿಧಾನಗೊಳಿಸುವ ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆ ನುಂಗುವವರ ನಾಡಿ ರಕ್ತ ಸುರಿಯುತ್ತಿದ್ದರೂ 80ರಲ್ಲಿ ನಿಂತಿರಬಹುದು. ರಕ್ತದೊತ್ತಡದ ಮೇಲಿನ ಅಂಕಿ ಸದಾ 170 ಇರುವ ಅಜ್ಜನಿಗೆ 115 ಎಂದರೆ ಕುಸಿತವೇ. ಜೊತೆಗೆ ರಕ್ತ ತೆಳುವಾಗಿಸುವ ಮಾತ್ರೆ ಬೇರೆ. ಬಚ್ಚಲಲ್ಲಿ ಜಾರಿ ಬಿದ್ದವರನ್ನು ಕರೆತಂದಾಗ ಮಾತ್ರೆಯ ಚೀಟಿಯನ್ನೂ ತನ್ನಿ ಎಂದು ಗೋಗರೆಯುವುದು ಇದಕ್ಕೆ.

ಗುಲ್ಮದ ಬಗ್ಗೆ ಒಂದು ಹಳೆಯ ಕಥೆಯನ್ನು ಇಲ್ಲಿ ಹೇಳದಿರಲಾರೆ. ಆರೋಗ್ಯವಂತರಲ್ಲಿ ಅದು ಸುಮಾರು 150 ಗ್ರಾಮಿನ, ಪಕ್ಕೆಲುಬುಗಳ ಮರೆಯಲ್ಲಿ ಅಡಗಿರುವ ಮೆತ್ತನೆಯ ಅಂಗ. ಮಲೇರಿಯಾ ಪದೇ ಪದೇ ಕಾಡಿದರೆ ಊದಿಕೊಂಡು ಪಕ್ಕೆಯಿಂದ ಹೊರಬರುತ್ತದೆ. ನಮ್ಮ ಮಲೆನಾಡಿನ ಹಿರಿಯರು ಅದನ್ನೇ ಜ್ವರಗಡ್ಡೆ ಎನ್ನುತ್ತಿದ್ದುದು. ಅಂಥ ಗುಲ್ಮ ಸಣ್ಣ ಪೆಟ್ಟಿಗೂ ಒಡೆಯುತ್ತದೆ. 1876ರಲ್ಲಿ ಆಗ್ರಾದಲ್ಲಿ ಫುಲ್ಲರ್ ಎಂಬ ಇಂಗ್ಲಿಷ್ ವಕೀಲ ತನ್ನ ಕುದುರೆಯಾಳನ್ನು ಹೊಡೆದ. ಆಳು ಸತ್ತ. ಗುಲ್ಮ ಒಡೆದು ಸತ್ತನೆಂದು ವೈದ್ಯರು ಹೇಳಿದರು. ನ್ಯಾಯಾಧೀಶರು ವಿಧಿಸಿದ ದಂಡ 30 ರೂಪಾಯಿ. ವೈಸ್‌ರಾಯ್ ಲಿಟ್ಟನ್ ಬಹಿರಂಗವಾಗಿ ಆಕ್ಷೇಪಿಸಿದ್ದಕ್ಕೆ ಇಲ್ಲಿದ್ದ ಆಂಗ್ಲರು ಅವರ ಮೇಲೆಯೇ ಹರಿಹಾಯ್ದರು. ಅಂದರೆ ತಪ್ಪು ಹೊಡೆದವನದ್ದಲ್ಲ, ಒಡೆದುಹೋದ ಗುಲ್ಮದ್ದು. ಒಳಪೆಟ್ಟು ಮೂಗ ಆಗಿದ್ದರಿಂದ ಅದರ ಪರವಾಗಿ ಬೇಕಾದವರು ಬೇಕಾದ ಹಾಗೆ ಮಾತಾಡಬಹುದಿತ್ತು.

ಇಂದು ನನ್ನ ಹುಡುಗರ ಕೈಯಲ್ಲಿ ಆ ಸೂಜಿಯ ಬದಲು ಅಲ್ಟ್ರಾಸೌಂಡ್ ಇದೆ. ಗಾಯಾಳು ಬಂದ ಎರಡು ಮೂರು ನಿಮಿಷಗಳಲ್ಲಿ ನಾಲ್ಕು ಕಡೆ ನೋಡುತ್ತಾರೆ: ಯಕೃತ್ತು ಮತ್ತು ಬಲಮೂತ್ರಪಿಂಡದ ನಡುವಿನ ಸಂದಿ, ಗುಲ್ಮದ ಸುತ್ತ, ಮೂತ್ರಕೋಶದ ಹಿಂದೆ, ಹೃದಯದ ಚೀಲ. ಅಲ್ಲಿ ರಕ್ತ ನಿಂತ ಕಪ್ಪು ಪಟ್ಟಿ ಕಂಡು, ರಕ್ತದೊತ್ತಡವೂ ಕುಸಿದಿದ್ದರೆ ನೇರ ಶಸ್ತ್ರಕ್ರಿಯೆ. ಒತ್ತಡ ಇಳಿಯದೆ ನಿಂತಿದ್ದರೆ ಸಿ.ಟಿ. ಸ್ಕ್ಯಾನ್. ಈ ಯಂತ್ರವನ್ನು ನಾನು ಪ್ರೀತಿಸುತ್ತೇನೆ, ಆದರೆ ಅದರ ಮೇಲೆ ನನಗೊಂದು ದೂರಿದೆ. ಏನೂ ಕಾಣಲಿಲ್ಲ ಎಂಬ ಉತ್ತರವನ್ನು ಅದು ಬಹಳ ಬೇಗ ಕೊಟ್ಟುಬಿಡುತ್ತದೆ. ಹೊಟ್ಟೆಯಲ್ಲಿ ಇನ್ನೂರು ಮಿಲಿಲೀಟರಿನಷ್ಟಾದರೂ ಸೇರುವವರೆಗೆ ಅದಕ್ಕೆ ಕಾಣಿಸದೆ ಇರಬಹುದು. ಬಿದ್ದ ಹತ್ತೇ ನಿಮಿಷಕ್ಕೆ ಬಂದವನ ಹೊಟ್ಟೆ ಖಾಲಿ ಕಂಡರೆ ಅದು ಆ ಹತ್ತು ನಿಮಿಷದ ಸತ್ಯ. ಸೊಂಟದ ಮೂಳೆ ಮುರಿದು ಹೊಟ್ಟೆಯ ಹಿಂಗೋಡೆಯಲ್ಲಿ ಸುರಿಯುವ ರಕ್ತವನ್ನಂತೂ ಅದು ಬಹುಮಟ್ಟಿಗೆ ತೋರಿಸುವುದೇ ಇಲ್ಲ. ಮುರಿದ ಒಂದು ತೊಡೆಮೂಳೆಯ ಸುತ್ತ ಲೀಟರಿಗೂ ಮಿಕ್ಕಿ ರಕ್ತ ಅವಿತು ಕುಳಿತಿರಬಹುದು, ಹೊಟ್ಟೆಯ ಸ್ಕ್ಯಾನಿಗೆ ಅದರ ಪರಿವೆಯೇ ಇಲ್ಲ.

ಚಿಕಿತ್ಸೆ ಬದಲಾದ ಬಗೆಯಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಉತಾಕೊ ಒಕಾಮೊಟೊ ಅವರ ಕಥೆ. ಯುದ್ಧದಲ್ಲಿ ಸೋತು ಬಡವಾಗಿದ್ದ ಜಪಾನಿನಲ್ಲಿ ಅವರು ಮತ್ತು ಪತಿ ಶೊಸುಕೆ, ಹೆರಿಗೆಯ ನಂತರದ ರಕ್ತಸ್ರಾವ ನಿಲ್ಲಿಸುವ ಔಷಧಿಗಾಗಿ ದುಡಿದರು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಪ್ರಯೋಗಾಲಯದಲ್ಲಿ ಕೆಲಸ ಮಾಡಿದ ಹೆಂಗಸು ಆಕೆ. 1962ರಲ್ಲಿ ಟ್ರಾನೆಕ್ಸಾಮಿಕ್ ಆಮ್ಲ ಬೆಳಕಿಗೆ ಬಂತು. ಕಟ್ಟಿದ ಹೆಪ್ಪು ಕರಗದಂತೆ ತಡೆಯುವುದು ಅದರ ಕೆಲಸ. ಗಾಯಾಳುಗಳಲ್ಲಿ ಅದರ ಬೆಲೆ ಗೊತ್ತಾಗಲು 2010 ಬರಬೇಕಾಯಿತು. ಭಾರತವೂ ಸೇರಿದಂತೆ 40 ದೇಶಗಳ 20,211 ಗಾಯಾಳುಗಳ ಅಧ್ಯಯನದಲ್ಲಿ ಸಾವಿನ ಪ್ರಮಾಣ ಶೇಕಡಾ 16ರಿಂದ 14.5ಕ್ಕೆ ಇಳಿಯಿತು. ಮೂರು ಗಂಟೆಯೊಳಗೆ ಕೊಡಬೇಕು, ಎಷ್ಟು ಬೇಗನೋ ಅಷ್ಟು ಒಳ್ಳೆಯದು. ಮೂರು ಗಂಟೆ ಕಳೆದ ಮೇಲೆ ಕೊಟ್ಟರೆ ಕೆಡುಕಾದೀತು. ಹತ್ತು ನಿಮಿಷದಲ್ಲಿ ಒಂದು ಗ್ರಾಮ್, ಆಮೇಲೆ ಎಂಟು ಗಂಟೆಯಲ್ಲಿ ಇನ್ನೊಂದು. ದುಬಾರಿ ಔಷಧಿಯೂ ಅಲ್ಲ.

ನನ್ನ ಕಾಲದಲ್ಲಿ ಒತ್ತಡ ಇಳಿದರೆ ಬಾಟಲಿ ಬಾಟಲಿ ಸಲೈನ್ ಸುರಿಯುತ್ತಿದ್ದೆವು. ಮೀಟರಿನ ಅಂಕಿ ಏರುತ್ತಿತ್ತು, ನಮ್ಮ ಮುಖ ಅರಳುತ್ತಿತ್ತು. ತೂತು ಬಿದ್ದ ಕೊಡಕ್ಕೆ ನೀರು ತುಂಬುವ ಆ ಉತ್ಸಾಹ ಅಷ್ಟಿಷ್ಟು ಕಟ್ಟಿದ ಹೆಪ್ಪನ್ನೂ ಕಿತ್ತುಹಾಕುತ್ತಿತ್ತು, ರಕ್ತವನ್ನು ನೀರು ಮಾಡುತ್ತಿತ್ತು, ಮೈಯನ್ನು ತಣ್ಣಗಾಗಿಸುತ್ತಿತ್ತು. ತಣ್ಣಗಾದ ಮೈಯಲ್ಲಿ ಹೆಪ್ಪು ಸರಿಯಾಗಿ ಕಟ್ಟುವುದಿಲ್ಲ. ಹೆಪ್ಪು ಕಟ್ಟದಿದ್ದರೆ ಇನ್ನಷ್ಟು ರಕ್ತ ಹೋಗಿ ಮೈ ಇನ್ನಷ್ಟು ತಣ್ಣಗಾಗುತ್ತದೆ, ರಕ್ತ ಹುಳಿಯಾಗುತ್ತದೆ. ಈಗ ಸಲೈನ್ ಮಿತವಾಗಿ, ರಕ್ತ, ಪ್ಲಾಸ್ಮಾ, ಪ್ಲೇಟ್‌ಲೆಟ್‌ಗಳು ಬೇಗ ಮತ್ತು ಸರಿಸಮ ಪ್ರಮಾಣದಲ್ಲಿ, ಮೈಮೇಲೆ ಬೆಚ್ಚನೆಯ ಹೊದಿಕೆ. ತೀರಾ ಕುಸಿದವರಿಗೆ ಪೂರ್ತಿ ಶಸ್ತ್ರಕ್ರಿಯೆ ಮಾಡುವ ಹಟವನ್ನೂ ಬಿಟ್ಟಿದ್ದೇವೆ. ರಕ್ತ ಬರುವ ಕಡೆ ಬಟ್ಟೆ ತುರುಕಿ, ಹೊಟ್ಟೆಯನ್ನು ತಾತ್ಕಾಲಿಕವಾಗಿ ಮುಚ್ಚಿ, ಐ.ಸಿ.ಯು.ನಲ್ಲಿ ಬೆಚ್ಚಗಾಗಿಸಿ, ಮರುದಿನವೋ ಮೂರನೆಯ ದಿನವೋ ಉಳಿದ ಕೆಲಸ. 1993ರಲ್ಲಿ ಹಾಗೆ ಮಾಡಿದ್ದರೆ ಅರ್ಧಕ್ಕೆ ಬಿಟ್ಟು ಓಡಿದ ಎನ್ನುತ್ತಿದ್ದರು.

ನಮ್ಮ ಉತ್ತರ ಕನ್ನಡದಲ್ಲಿ ಇವೆಲ್ಲದರ ನಡುವೆ ಒಂದು ರಸ್ತೆ ಇದೆ. ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರ್. ಕರಾವಳಿಯವರಿಗೆ ಮಣಿಪಾಲ, ಮಂಗಳೂರು ಅಥವಾ ಗೋವಾ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ಬೀದಿಗಿಳಿದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಘಟ್ಟದ ತಿರುವುಗಳಲ್ಲಿ ಆಂಬುಲೆನ್ಸ್ ಹೊರಳುವಾಗ ಒಳಗೆ ರಕ್ತ ಸುರಿಯುತ್ತಲೇ ಇರುತ್ತದೆ. ಯಾರನ್ನು ಕಳಿಸಬೇಕು, ಯಾರನ್ನು ಇಲ್ಲಿಯೇ ಸೀಳಬೇಕು ಎಂಬ ನಿರ್ಧಾರಕ್ಕಿಂತ ಕಷ್ಟದ ಕೆಲಸವನ್ನು ನಾನು ಮಾಡಿಲ್ಲ. ಎರಡೂ ಕಡೆ ತಪ್ಪಿದ್ದೇನೆ.

ಕಳೆದ ಬೇಸಿಗೆಯಲ್ಲಿ ಅದೇ ಅಡಿಕೆ ಮರದ ಹುಡುಗ ಬಂದಿದ್ದ. ಹುಡುಗನೆಂದರೆ ಈಗ ಐವತ್ತೇಳು ದಾಟಿದ ಅಜ್ಜ. ಮರ ಹತ್ತುವುದನ್ನು ಬಿಟ್ಟಿದ್ದಾನೆ. ಕಾರ್ಬನ್ ಫೈಬರ್ ದೋಟಿ ಬಂದಿದೆಯಲ್ಲ, ನೆಲದ ಮೇಲೆ ನಿಂತೇ ಕೊನೆ ಕೊಯ್ಯುತ್ತಾನೆ. ಒಂಬತ್ತು ವರ್ಷದ ಮೊಮ್ಮಗನನ್ನು ಎತ್ತಿಕೊಂಡು ಬಂದಿದ್ದ. ಇಳಿಜಾರಿನಲ್ಲಿ ಸೈಕಲ್ ಮಗುಚಿ ಹ್ಯಾಂಡಲ್ಲಿನ ತುದಿ ಎಡಹೊಟ್ಟೆಗೆ ನೆಟ್ಟಿತ್ತು. ಚರ್ಮದ ಮೇಲೆ ಎಂಟಾಣೆ ಅಗಲದ ಕೆಂಪು ಗುರುತು, ಬೇರೇನಿಲ್ಲ. ಮೊದಲ ಸ್ಕ್ಯಾನ್ ಚೊಕ್ಕವಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಅಜ್ಜ ಹೇಳಿದ: “ಮೂಗೇಟು ಸಾರ್. ಈ ರಾತ್ರಿ ಇಲ್ಲಿಯೇ ಇರುತ್ತೇವೆ.”

ಎರಡು ಗಂಟೆ ಬಿಟ್ಟು ಮತ್ತೆ ನೋಡಿದಾಗ ಗುಲ್ಮದ ಸುತ್ತ ತೆಳುವಾದ ಒಂದು ಕಪ್ಪು ಗೆರೆ. ಸಿ.ಟಿ.ಯಲ್ಲಿ ಸಣ್ಣ ಸೀಳು ಕಂಡಿತು, ಹೊಸದಾಗಿ ರಕ್ತ ಚಿಮ್ಮುತ್ತಿರಲಿಲ್ಲ. ಹುಡುಗನನ್ನು ಮಲಗಿಸಿ ಕಾದೆವು. ಮಕ್ಕಳ ಒಡೆದ ಗುಲ್ಮ ತಾನಾಗಿ ಕೂಡಿಕೊಳ್ಳುತ್ತದೆ, ಕೈ ಹಾಕದೆ ಕಾಯಬಹುದು ಎಂಬುದನ್ನು ಟೊರಾಂಟೊದ ಮಕ್ಕಳ ಆಸ್ಪತ್ರೆಯ ವೈದ್ಯರು ತೋರಿಸಿದ್ದರು. 1968ರಲ್ಲಿ ಅಲ್ಲಿಂದ ಬಂದ ಲೇಖನದ ಇಬ್ಬರು ಲೇಖಕರಲ್ಲಿ ಒಬ್ಬರು ಭಾರತದವರಾದ ಪಿ. ಉಪಾಧ್ಯಾಯ. ದೊಡ್ಡವರಲ್ಲಿಯೂ ಒತ್ತಡ ನಿಂತಿದ್ದರೆ ಈಗ ಹಾಗೆಯೇ ಕಾಯುತ್ತೇವೆ. ಸೋರುವ ನಾಳ ಸಿ.ಟಿ.ಯಲ್ಲಿ ಕಂಡರೆ ತೊಡೆಸಂದಿಯಿಂದ ತಂತಿ ತೂರಿಸಿ ಅದನ್ನಷ್ಟೇ ಮುಚ್ಚುವ ಅನುಕೂಲ ದೊಡ್ಡ ಊರುಗಳಲ್ಲಿದೆ.

ಇದನ್ನೆಲ್ಲ ವಿವರಿಸುತ್ತಿದ್ದಾಗ ಅಜ್ಜ ಅಂಗಿ ಎತ್ತಿ ತನ್ನ ಹೊಟ್ಟೆಯ ಉದ್ದನೆಯ ಗಾಯದ ಗೆರೆಯನ್ನು ಸವರಿಕೊಂಡ. “ಹಾಗಾದರೆ ನನ್ನದನ್ನು ಯಾಕೆ ತೆಗೆದಿರಿ?”

ಆ ರಾತ್ರಿ ತೆಗೆಯದಿದ್ದರೆ ನೀನು ಇರುತ್ತಿರಲಿಲ್ಲ ಎಂದೆ. ಅದು ನಿಜ. ಸಂಜೆ ಆರಕ್ಕೇ ಗೊತ್ತಾಗಿದ್ದರೆ ಬೇರೆ ದಾರಿ ಇತ್ತೇ ಎಂದು ಅವನು ಕೇಳಲಿಲ್ಲ. ಗುಲ್ಮವಿಲ್ಲದವರಿಗೆ ನ್ಯುಮೋಕಾಕಸ್‌ನಂಥ ಸೋಂಕುಗಳು ಗಂಟೆಗಳಲ್ಲಿ ಮಾರಕವಾಗಬಹುದು, ಲಸಿಕೆ ಬೇಕು, ಜ್ವರ ಬಂದರೆ ಕಾಯದೆ ಓಡಿಬರಬೇಕು. ಇದನ್ನು ಅವನಿಗೆ 1993ರಲ್ಲಿ ಯಾರೂ ಹೇಳಿರಲಿಲ್ಲ. ನಾನು ಹೇಳಿದ್ದು ಕೆಲವು ವರ್ಷಗಳ ಹಿಂದೆ, ಅವನು ಬೇರೆ ಯಾವುದಕ್ಕೋ ಬಂದಿದ್ದಾಗ, ಗಾಯದ ಗೆರೆ ಕಂಡು.

ಹುಡುಗನ ನಾಡಿಯನ್ನು ಆ ರಾತ್ರಿ ನಾನೇ ಬರೆದೆ. ಎಂಟು ಗಂಟೆಗೆ 112. ಹತ್ತಕ್ಕೆ 108. ಹನ್ನೆರಡಕ್ಕೆ 104. ಆ ಅಂಕಿ ಬರೆದು ಸ್ವಲ್ಪ ಹೊತ್ತು ನೋಡುತ್ತ ನಿಂತೆ. ಅಜ್ಜ ಬೆಂಚಿನ ಮೇಲೆ ಎದ್ದು ಕುಳಿತೇ ಇದ್ದ. ಎರಡಕ್ಕೆ 94. ಮಣಿಕಟ್ಟು ಹಿಡಿದಾಗ ಹುಡುಗ ಅರೆಗಣ್ಣು ತೆರೆದು, “ಎಷ್ಟು ಸಲ ಎಬ್ಬಿಸುತ್ತೀರಿ?” ಎಂದು ರೇಗಿ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ. ಅವನ ಕೈ ಬೆಚ್ಚಗಿತ್ತು.